ನೂರ ನಲವತ್ತರ ಕೆಳಗೆ

ಮಣಿನಗರ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನ ಪಾರ್ವತಕ್ಕನನ್ನು ಅರಿಯದ ಕನ್ನಡಿಗರು ಅಹಮದಾಬಾದಿನಲ್ಲಿ ಇಲ್ಲ. ಇದ್ದರೆ ಅವರು ನಿನ್ನೆ ಮೊನ್ನೆ ರೈಲಿಳಿದವರು ಎಂದೇ ತಿಳಿಯಬೇಕು. ದೋಸೆಯಲ್ಲಿ ಹೆಸರು ಮಾಡಿದವರು ಆಕೆಯ ಗಂಡ ಮಾಧವ ರಾಯರು. ಪಾರ್ವತಕ್ಕ ಹೆಸರು ಮಾಡಿದ್ದು ಬಸುರಿಯರ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳುವುದರಲ್ಲಿ.

ಮದುವೆಯಾಗಿ ಉದ್ಯಾವರದಿಂದ ಇಲ್ಲಿಗೆ ಬಂದಾಗ ಆಕೆಗೆ ಗುಜರಾತಿಯ ಒಂದಕ್ಷರ ಬರುತ್ತಿರಲಿಲ್ಲ. ಅಕ್ಕಪಕ್ಕದ ಹೆಂಗಸರು ಸಂಜೆ ಕಟ್ಟೆಯ ಮೇಲೆ ಕೂತು ಹರಟುವಾಗ ಈಕೆ ಬಾಗಿಲಲ್ಲಿ ನಿಂತು ಸುಮ್ಮನೆ ನಗುತ್ತಿದ್ದಳು. ಒಂದು ದಿನ ಎದುರು ಮನೆಯ ಬಸುರಿ ಸೊಸೆಯ ಹೊಟ್ಟೆ ಕಂಡು, ಮಾತು ಬಾರದೆ, ಮೂಗಿನ ಕೆಳಗೆ ಬೆರಳಿಟ್ಟು ಮೀಸೆ ತಿರುವಿ ತೋರಿಸಿದಳು. ಗಂಡು ಹುಟ್ಟಿತು. ಅಲ್ಲಿಂದ ಹಿಡಿಯಿತು ನೋಡಿ ಆಕೆಗೆ ಈ ಹುಚ್ಚು. ಭಾಷೆ ಆಮೇಲೆ ಬಂತು, ಪೇಡೆ ಮೊದಲು ಬಂತು.

ಆಕೆ ಹೇಳಿದ್ದೆಲ್ಲ ಸರಿಯಾಗುತ್ತಿತ್ತೇ ಎಂದರೆ, ಎಲ್ಲಿಯ ಮಾತು? ಅರ್ಧ ಸರಿ, ಅರ್ಧ ತಪ್ಪು. ಸರಿಯಾದವರು ಪೇಡೆ ಹಿಡಿದು ಬಂದು ಹೋಟೆಲಿನ ತುಂಬ ಹೇಳಿ ಹೋಗುತ್ತಿದ್ದರು. ತಪ್ಪಿದವರು ಪಾಪ, ಮಗುವಿನ ಬಟ್ಟೆ ಒಗೆಯುವುದರಲ್ಲಿ ಮರೆತುಬಿಡುತ್ತಿದ್ದರು. ಹೀಗೆ ಹೆಸರು ಬೆಳೆಯಿತು. ವಡೋದರದಿಂದ ಫೋಟೋ ಬರತೊಡಗಿತು, ಸೂರತ್ತಿನಿಂದ ವಿಡಿಯೋ ಕರೆ ಬರತೊಡಗಿತು. ಭ್ರೂಣದ ಲಿಂಗ ಹೇಳುವುದು ಅಪರಾಧ ಎಂಬ ಬೋರ್ಡು ಪ್ರತಿ ಆಸ್ಪತ್ರೆಯಲ್ಲೂ ಇದೆಯಲ್ಲ ಎಂದು ಯಾರಾದರೂ ಕೆಣಕಿದರೆ, "ಅದು ಮೆಷಿನ್ನಿಗೆ ಮಾರಾಯ್ತಿ. ನನ್ನ ಕಣ್ಣಿಗೆ ಎಂತ ಕಾನೂನು?" ಎಂದು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ಇಷ್ಟಕ್ಕೂ ಹೆಣ್ಣೆಂದರೆ ಮೂಗು ಮುರಿಯುವವಳಲ್ಲ ಆಕೆ. ತನ್ನ ಮಾತು ನಿಜವಾಗಬೇಕು, ಅಷ್ಟೆ ಆಸೆ. ಅದು ಇನ್ನೂ ಕೆಟ್ಟ ಚಟ ಎಂದು ಮಾಧವ ರಾಯರು ಹೇಳುವುದಿತ್ತು. ಯಾರು ಕೇಳುತ್ತಾರೆ?

ಈಗ ಮನೆಯ ಸೊಸೆಯೇ ಬಸುರಿ. ಮಗ ಸುಧೀರ್ ಚಾಂದ್‌ಖೇಡಾದ ತೈಲ ಕಂಪನಿಯ ಕಚೇರಿಯಲ್ಲಿದ್ದಾನೆ. ಅವನ ಹೆಂಡತಿ ರಶ್ಮಿ ವಡೋದರದ ಫತೇಗಂಜಿನಲ್ಲಿ ಹುಟ್ಟಿ ಬೆಳೆದವಳು. ಅವಳ ಅಪ್ಪನದೂ ಅಲ್ಲಿ ಒಂದು ಸಣ್ಣ ಇಡ್ಲಿ ಅಂಗಡಿ. ಹುಡುಗಿಯ ಕನ್ನಡದಲ್ಲಿ ಅರ್ಧಕ್ಕರ್ಧ ಹಿಂದಿ, ಮಿಕ್ಕದ್ದರಲ್ಲಿ ಗುಜರಾತಿ. ಆದರೆ ಅತ್ತೆಯ ಮಾತು ಎಂದರೆ ಅವಳಿಗೆ ವೇದವಾಕ್ಯ. ಹೋದ ಸಲ ಆರನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಗ ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಅನ್ನ ಕಲಸಿ ತಿನ್ನಿಸಿ, ಮತ್ತೆ ಮನುಷ್ಯಳನ್ನಾಗಿ ಮಾಡಿದವಳು ಪಾರ್ವತಕ್ಕ. ಅದನ್ನು ಮರೆಯುವ ಹುಡುಗಿಯಲ್ಲ ರಶ್ಮಿ.

ಹೋದ ಸಲ ಹಾಗಾದದ್ದರಿಂದಲೇ ಈ ಸಲ ಕಾಂಕರಿಯಾ ಹತ್ತಿರದ ಆಸ್ಪತ್ರೆಯವರು ಅವಳ ಕೈಗೆ ಒಂದು ಬೆಲ್ಟು ಕೊಟ್ಟು ಕಳಿಸಿದ್ದರು. ಹೊಟ್ಟೆಗೆ ಕಟ್ಟುವ ಅಗಲವಾದ ಮೆತ್ತನೆಯ ಪಟ್ಟಿ, ಒಳಮೈಯಲ್ಲಿ ಸಾಲಾಗಿ ಚಪ್ಪಟೆ ಬಿಲ್ಲೆಗಳು. ಮೊದಲಾದರೆ ನರ್ಸು ಹೊಟ್ಟೆಗೆ ಜೆಲ್ ಬಳಿದು, ಕೈಯಲ್ಲಿ ಯಂತ್ರ ಹಿಡಿದು, ಮಗುವಿನ ಎದೆ ಎಲ್ಲಿದೆ ಎಂದು ತಡಕಾಡಬೇಕಿತ್ತು. ಇದಕ್ಕೆ ನರ್ಸು ಬೇಡ. ಕಟ್ಟಿಕೊಂಡು ಮಲಗಿದರೆ ಬಿಲ್ಲೆಗಳು ಕಿವಿಗೆ ಕೇಳಿಸದ ಶಬ್ದ ಕಳಿಸಿ, ಮಗುವಿನ ಎದೆಬಡಿತವನ್ನು ತಾವೇ ಹುಡುಕಿ, ನಿಮಿಷಕ್ಕೆ ಎಷ್ಟು ಎಂಬ ಅಂಕಿಯನ್ನು ಫೋನಿನಲ್ಲಿ ತೋರಿಸುತ್ತವೆ. ಅದೇ ಅಂಕಿ ತಾನಾಗಿ ಆಸ್ಪತ್ರೆಯ ಕಂಪ್ಯೂಟರಿಗೂ ಹೋಗುತ್ತದೆ. ಮೊದಲ ದಿನ ಹೊಲಿಗೆ ಮೆಷಿನ್ ಓಡಿದ ಹಾಗೆ ಟಕಟಕ ಟಕಟಕ ಎಂಬ ಸದ್ದು ಕೇಳಿ ರಶ್ಮಿ ಗಳಗಳನೆ ಅತ್ತುಬಿಟ್ಟಳು. ಪಾರ್ವತಕ್ಕನ ಕಣ್ಣಲ್ಲೂ ನೀರಾಡಿತು.

ಕಣ್ಣೀರು ಒರೆಸಿಕೊಂಡದ್ದೇ ತಡ, ಆಕೆಯ ಕಣ್ಣು ಅಂಕಿಯ ಮೇಲೆ ಬಿತ್ತು. ನೂರ ಐವತ್ತೆರಡು. ಬಡಿತ ನೂರ ನಲವತ್ತರ ಮೇಲಿದ್ದರೆ ಹೆಣ್ಣು, ಕೆಳಗಿದ್ದರೆ ಗಂಡು ಎಂದು ಎದುರು ಮನೆಯಾಕೆ ಎಂದೋ ಹೇಳಿದ್ದು ಆಕೆಯ ತಲೆಯಲ್ಲಿ ಕೂತಿತ್ತು. ಈಕೆಯೋ ಐದನೆಯ ತಿಂಗಳಲ್ಲೇ ಹೋಟೆಲಿನ ಗಿರಾಕಿಗಳೆಲ್ಲರ ಮುಂದೆ ಮೀಸೆ ತಿರುವಿ ಆಗಿತ್ತು. ಬೆಲ್ಟು ನೋಡಿದರೆ ದಿನವೂ ನೂರ ಐವತ್ತು, ನೂರ ಐವತ್ತೈದು.

"ಪಾರ್ವತಿ, ನಿನ್ನ ಮೀಸೆ ಈ ಸಲ ಉದುರಿತು ಕಾಣ್ತದೆ," ಎಂದು ಮಾಧವ ರಾಯರು ಗಲ್ಲಾದಲ್ಲಿ ಕೂತು ನಕ್ಕರು.

"ಕಾದು ನೋಡಿ. ಇಳೀತದೆ," ಎಂದಳು ಪಾರ್ವತಕ್ಕ.

ಅಂದಿನಿಂದ ಬೆಳಿಗ್ಗೆ ಬೆಲ್ಟು ಕಟ್ಟುವ ಹೊತ್ತಿಗೆ ಫೋನು ಹಿಡಿದು ಕೂರುವ ಕೆಲಸ ಆಕೆಯದೇ ಆಯಿತು. ರಶ್ಮಿ ಕಣ್ಣು ಮುಚ್ಚಿ ಮಲಗುವಳು. ಪಾರ್ವತಕ್ಕ ಅಂಕಿ ನೋಡಿ, "ಫಸ್ಟ್ ಕ್ಲಾಸ್" ಎನ್ನುವಳು. ಸೊಸೆಗೆ ಅಷ್ಟು ಸಾಕು. ತಂಗಿಯ ಮಗಳು ಮನಸ್ವಿನಿ ಸೂರತ್ತಿನಲ್ಲಿ ಬಸುರಿ, ಏಳು ತುಂಬಿತ್ತು. ದೊಡ್ಡಮ್ಮನ ವರ್ಣನೆ ಕೇಳಿ ಅವಳೂ ಇಂಟರ್ನೆಟ್ಟಿನಲ್ಲಿ ಇಂಥದೇ ಒಂದು ಬೆಲ್ಟು ತರಿಸಿಕೊಂಡಳು. ರಶ್ಮಿಯ ಬೆಲ್ಟಿನ ಹಿಂದೆ ಆಸ್ಪತ್ರೆ ಇತ್ತು. ಮನಸ್ವಿನಿಯದರ ಹಿಂದೆ ಯಾರೂ ಇರಲಿಲ್ಲ. ಈ ವ್ಯತ್ಯಾಸ ಆಗ ಪಾರ್ವತಕ್ಕನಿಗೆ ಹೊಳೆಯಲಿಲ್ಲ.

ಎಂಟನೆಯ ತಿಂಗಳಿನ ಒಂದು ಬೆಳಿಗ್ಗೆ ರಶ್ಮಿ ಬೆಲ್ಟು ಕಟ್ಟಿಕೊಳ್ಳುತ್ತ, "ಅತ್ತೆ, ಬೇಬಿ ಆಜ್ ಸುಮ್ಮನೆ ಇದೆ. ನಿನ್ನೆ ಸಂಜೆಯಿಂದ ಲಾತ್ ಹೊಡಿಲಿಲ್ಲ," ಎಂದಳು.

"ಗಂಡುಮಕ್ಕಳು ಹಾಗೆಯೇ. ಸೋಮಾರಿಗಳು. ನಿನ್ನ ಗಂಡ ಹೊಟ್ಟೆಯಲ್ಲಿ ಅಲುಗಾಡಿದ್ದೇ ನನಗೆ ನೆನಪಿಲ್ಲ. ಮಲಗು ನೀನು."

ರಶ್ಮಿ ಮಲಗಿದಳು. ಬೆಲ್ಟು ಮಗುವನ್ನು ಹುಡುಕಲು ಈ ಸಲ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಆಮೇಲೆ ಅಂಕಿ ಬಂತು. ನೂರ ಹದಿನೆಂಟು. ಪಾರ್ವತಕ್ಕ ಕನ್ನಡಕ ಒರೆಸಿ ಮತ್ತೆ ನೋಡಿದಳು. ನೂರ ಒಂಬತ್ತು. ನೋಡನೋಡುತ್ತ ನೂರ ನಾಲ್ಕು. ಆಕೆಯ ಎದೆ ಹಿಗ್ಗಿತು. ಅಂಕಿಯ ಕೆಳಗೆ ಒಂದು ಕೆಂಪು ಪಟ್ಟಿ ಮೂಡಿ, ಇಂಗ್ಲಿಷಿನಲ್ಲಿ ಏನೋ ಬರೆದು ಬಂತು. ಇಂಗ್ಲಿಷು ಆಕೆಗೆ ಬಾರದು. ಕೆಂಪೆಂದರೆ ಕುಂಕುಮದ ಬಣ್ಣ, ಶುಭವೇ ಎಂದುಕೊಂಡಳು. ದೇವರೇ, ಹಾಗೆಯೇ ಅಂದುಕೊಂಡಳು.

"ನಂಬರ್ ಬರೋಬರ್ ಅತ್ತೆ?" ರಶ್ಮಿ ಕಣ್ಣು ತೆರೆಯದೆಯೇ ಕೇಳಿದಳು.

"ಫಸ್ಟ್ ಕ್ಲಾಸ್," ಎಂದಳು ಪಾರ್ವತಕ್ಕ.

ಬೆಲ್ಟು ಬಿಚ್ಚಿ, ಸೊಸೆಗೆ ಹೊದಿಕೆ ಹೊದಿಸಿ, ಅವಳ ಫೋನನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದಳು. ಮನೆ ಮೇಲೆ, ಹೋಟೆಲು ಕೆಳಗೆ. ಇಳಿಯುತ್ತಲೇ ತನ್ನ ಫೋನಿನಲ್ಲಿ ಕನ್ನಡ ಹೆಂಗಸರ ವಾಟ್ಸ್ಯಾಪ್ ಗುಂಪಿಗೆ ಧ್ವನಿ ಕಳಿಸಿದಳು. ಹೋಗಿ ಗಂಡನ ಮುಂದೆ ಸೊಸೆಯ ಫೋನು ಹಿಡಿದಳು.

"ಎಂತ ಇದು?"

"ನೂರ ನಾಲ್ಕು. ನೂರ ನಲವತ್ತರ ಎಷ್ಟು ಕೆಳಗೆ ಲೆಕ್ಕ ಹಾಕಿ. ಮೀಸೆ ಉದುರಿತಾ, ಬಂತಾ?"

ಮಾಧವ ರಾಯರ ಕನ್ನಡಕ ಇಡ್ಲಿ ಪಾತ್ರೆಯ ಹಬೆಗೆ ಮಸುಕಾಗಿತ್ತು. ಅವರಿಗೆ ಅಂಕಿಯೂ ಕಾಣಲಿಲ್ಲ, ಕೆಂಪೂ ಕಾಣಲಿಲ್ಲ. "ಗೆದ್ದೆಯಲ್ಲ, ಸಾಕು," ಎಂದರು.

ಸಾಕೇ? ಪಾರ್ವತಕ್ಕ ಅಡುಗೆಮನೆಗೆ ನುಗ್ಗಿ ಬೂದುಗುಂಬಳ ತುರಿಸಿ, ಬಾಣಲೆಗೆ ತಾನೇ ತುಪ್ಪ ಸುರಿದು ಕಾಶಿ ಹಲ್ವ ಮಾಡಿದಳು. ದಿನವೂ ವಡೋದರಕ್ಕೆ ಅಪ್‌ಡೌನ್ ಮಾಡುವ ಗಿರಾಕಿಗಳು ತಿಂಡಿಗೆ ಕೂತಿದ್ದರು. ಪ್ರತಿಯೊಬ್ಬರ ತಟ್ಟೆಯ ಅಂಚಿಗೂ ಬಿಸಿಬಿಸಿ ಹಲ್ವ ಬಿತ್ತು. ಏನು ವಿಶೇಷ ಮಾಸಿ ಎಂದು ಕೇಳಿದವರಿಗೆಲ್ಲ ಸೌಟು ಹಿಡಿದ ಕೈಯಲ್ಲೇ ಮೀಸೆ ತಿರುವಿ ತೋರಿಸಿದಳು. ಹೋಟೆಲಿಗೆ ಹೋಟೆಲೇ ನಕ್ಕಿತು.

ಆಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ರಶ್ಮಿಯ ಫೋನು ರಿಂಗಾಯಿತು. ಆಸ್ಪತ್ರೆಯ ನರ್ಸು ಜಿಗ್ನಾಬೆನ್, ಬೆಲ್ಟಿನ ಅಂಕಿಗಳನ್ನು ನೋಡಿಕೊಳ್ಳುವವಳು. ಮಾತು ಗುಜರಾತಿಯಲ್ಲಿ.

"ಮಾಸಿ, ರಶ್ಮಿಬೆನ್ ಎಲ್ಲಿ? ಡ್ಯೂಟಿಗೆ ಬಂದು ಈಗಷ್ಟೇ ಕಂಪ್ಯೂಟರ್ ನೋಡಿದೆ. ಇವತ್ತಿನ ಅಂಕಿ ನೋಡಿದ್ದೀರಾ?"

"ನೋಡಿದೆ, ನೋಡಿದೆ. ನೂರ ನಾಲ್ಕು. ಬಾಬೋ ಅಲ್ಲವೇ? ಬೇಡ, ನೀವು ಹೇಳಬೇಡಿ, ನಿಮಗೆ ಕಾನೂನು ಉಂಟು. ನಾನೇ ಹೇಳ್ತಿದ್ದೇನೆ, ಗಂಡು."

ಗಿರಾಕಿಗಳ ಗದ್ದಲದಲ್ಲಿ ಸರಿಯಾಗಿ ಕೇಳಿಸದೆ ಪಾರ್ವತಕ್ಕ ಫೋನು ಕಿವಿಗೆ ಒತ್ತಿಕೊಂಡಳು.

"ಮಾಸಿ, ಮಗುವಿನ ಎದೆಬಡಿತ ಇಳಿದು ಹೋಗ್ತಾ ಇದೆ. ನೂರ ಹತ್ತರ ಕೆಳಗೆ ಹೋಗಲೇಬಾರದು. ಅದಕ್ಕೇ ಕೆಂಪು ಬಂದದ್ದು. ನಿಲ್ಲುವ ಮೊದಲು ಕರೆದುಕೊಂಡು ಬನ್ನಿ. ಈಗಲೇ ಹೊರಡಿ."

ಹೋಟೆಲಿನಲ್ಲಿ ಜನ ಇನ್ನೂ ನಗುತ್ತಿದ್ದರು, ಯಾರೋ ಇನ್ನೊಂದು ಚೂರು ಹಲ್ವ ಕೇಳುತ್ತಿದ್ದರು. ನಿಲ್ಲುವ ಮೊದಲು ಎಂಬುದೊಂದೇ ಪಾರ್ವತಕ್ಕನ ಕಿವಿಯಲ್ಲಿತ್ತು. ಸೌಟು ಎಲ್ಲಿಟ್ಟಳೋ ತಿಳಿಯದು. ಮೆಟ್ಟಿಲನ್ನು ಹೇಗೆ ಹತ್ತಿದಳೋ ಅದೂ ತಿಳಿಯದು. ಮೇಲೆ ರಶ್ಮಿ ಕನ್ನಡಿಯ ಮುಂದೆ ನಿಂತು ಜಡೆ ಹೆಣೆಯುತ್ತಿದ್ದಳು. ಅತ್ತೆಯ ಮುಖ ನೋಡಿ ಬಾಚಣಿಗೆ ಕೆಳಗಿಟ್ಟಳು.

"ಹೊರಡು ಮಗಳೇ," ಎಂದಷ್ಟೇ ಬಂತು ಬಾಯಿಂದ.

ಮಾಧವ ರಾಯರು ರಿಕ್ಷಾ ನಿಲ್ಲಿಸಿ, ತಾನು ಹಿಂದೆಯೇ ಬರುತ್ತೇನೆಂದು ಹೆಂಗಸರನ್ನು ಹತ್ತಿಸಿದರು. ಸ್ಟೇಷನ್ ರಸ್ತೆ ಎಂದಿನ ಹಾಗೆ ತುಂಬಿ ತುಳುಕುತ್ತಿತ್ತು. ಪಾರ್ವತಕ್ಕ ಸೊಸೆಯ ಕೈ ಹಿಡಿದುಕೊಂಡಳು. ತನ್ನ ಬೆರಳುಗಳಲ್ಲಿ ತುಪ್ಪವೂ ಸಕ್ಕರೆಯೂ ಅಂಟಿತ್ತು. ರಶ್ಮಿಯ ಕೈಗೂ ಅದು ಹತ್ತಿತು. ಬಿಡಿಸಿಕೊಂಡು ಒರೆಸಿಕೊಳ್ಳಲು ಇಬ್ಬರಿಗೂ ತೋಚಲಿಲ್ಲ.

"ನಂಬರ್ ಖರಾಬ್ ಇತ್ತಾ ಅತ್ತೆ?" ರಶ್ಮಿ ಕೇಳಿದಳು. "ನೀವು ಫಸ್ಟ್ ಕ್ಲಾಸ್ ಹೇಳಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪಾರ್ವತಕ್ಕ ಬದುಕಿಕೊಳ್ಳುತ್ತಿದ್ದಳು.

ಆಸ್ಪತ್ರೆಯ ಬಾಗಿಲಲ್ಲೇ ಜಿಗ್ನಾಬೆನ್ ಗಾಲಿಕುರ್ಚಿ ಹಿಡಿದು ನಿಂತಿದ್ದಳು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, ಮಗುವಿನ ಅಲುಗಾಟ ಯಾವಾಗಿನಿಂದ ಕಡಿಮೆಯಾಯಿತು ಎಂದು ಕೇಳಿದರು. ನಿನ್ನೆ ಸಂಜೆಯಿಂದ ಎಂದಳು ರಶ್ಮಿ. ಮನೆಯಲ್ಲಿ ಹೇಳಲಿಲ್ಲವೇ ಎಂದರು. ರಶ್ಮಿ ಗೋಡೆಯ ಕಡೆ ನೋಡಿದಳು. ಪಾರ್ವತಕ್ಕನೇ, "ನನಗೆ ಹೇಳಿದ್ದಳು," ಎಂದಳು. ಡಾಕ್ಟರಮ್ಮ ಒಮ್ಮೆ ಆಕೆಯ ಮುಖ ನೋಡಿ, ಆಪರೇಷನ್ ಕೋಣೆ ಸಿದ್ಧ ಮಾಡಲು ಹೇಳಿ ಹೋದರು.

ಮಾಧವ ರಾಯರು ಬಂದರು. ನಗರದ ಆ ತುದಿಯ ಚಾಂದ್‌ಖೇಡಾದಿಂದ ಸುಧೀರ್ ಬೆವೆತು ಹಣ್ಣಾಗಿ ಬಂದ. ಆಸ್ಪತ್ರೆಯವರು ದಾರಿಯಲ್ಲೇ ಅವನಿಗೆ ಎಲ್ಲ ತಿಳಿಸಿದ್ದರು.

"ಅಮ್ಮ, ಕೆಂಪು ಬಂದಿತ್ತಲ್ಲ. ಕಾಣಲಿಲ್ವಾ?"

"ಕಂಡಿತ್ತು."

ಅವನು ಹೋಗಿ ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಬೆನ್ನು ಹಾಕಿ ನಿಂತ. ಮಗನ ಆ ಬೆನ್ನು ನೋಡುತ್ತ ಪಾರ್ವತಕ್ಕ ಕೂತಳು. ದೇವರಿಗೆ ಹರಕೆ ಹೇಳಿಕೊಳ್ಳಲೂ ನಾಚಿಕೆಯಾಯಿತು. ಒಂದು ಜೀವ ಒಳಗೆ ಒದ್ದಾಡುವಾಗ ತಾನು ಸೌಟು ಹಿಡಿದು ಮೀಸೆ ತಿರುವುತ್ತಿದ್ದೆ ಎಂಬುದು ಮನಸ್ಸಿನಿಂದ ಹೋಗಲೊಲ್ಲದು. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ.

ಬಾಗಿಲು ತೆರೆದು ಜಿಗ್ನಾಬೆನ್ ಹೊರಗೆ ಬಂದಳು.

"ದೀಕ್ರಿ," ಎಂದಳು. ಮಗಳು. "ಹೊಕ್ಕುಳಬಳ್ಳಿ ಒತ್ತಿಕೊಂಡಿತ್ತು. ಅಳಲು ತಡಮಾಡಿದಳು, ಆದರೆ ಅತ್ತಳು. ಬಹಳ ಸಣ್ಣವಳು, ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿರಬೇಕು. ರಶ್ಮಿಬೆನ್ ಚೆನ್ನಾಗಿದ್ದಾರೆ. ಬನ್ನಿ, ಗಾಜಿನಾಚೆಯಿಂದ ನೋಡಬಹುದು."

ಸುಧೀರ್ ಓಡಿದ. ಮಾಧವ ರಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ಎದ್ದರು. ಪಾರ್ವತಕ್ಕ ಕೂತಲ್ಲೇ ಇದ್ದಳು. ಅಳು ಉಕ್ಕಿ ಬಂತು. ಕಣ್ಣೊರೆಸಲು ಚೀಲದಲ್ಲಿ ಕರವಸ್ತ್ರ ಹುಡುಕುವಾಗ ತನ್ನ ಫೋನು ಕೈಗೆ ಸಿಕ್ಕಿತು. ಮೈತುಂಬ ಸಂದೇಶ ಹೊತ್ತು ಬೆಳಗುತ್ತಿತ್ತು.

ಕನ್ನಡ ಹೆಂಗಸರ ಗುಂಪು. ಅಭಿನಂದನೆ, ಕೈಮುಗಿದ ಚಿತ್ರ, ಲಡ್ಡುವಿನ ಚಿತ್ರ. ಎಲ್ಲಕ್ಕೂ ಮೇಲೆ ಆಕೆಯದೇ ಬೆಳಗಿನ ಧ್ವನಿ. ಅಂಟು ಬೆರಳು ಅದಕ್ಕೇ ತಾಗಿತು. ಆಸ್ಪತ್ರೆಯ ಆ ಮೌನದಲ್ಲಿ ಅವಳದೇ ಜಂಬದ ದನಿ ಹೇಳಿತು: "ಬಂತು ನೋಡಿ, ನೂರ ನಲವತ್ತರ ಕೆಳಗೆ. ಎಷ್ಟು ಕೆಳಗೆ ಇಳೀತದೋ ಅಷ್ಟು ಖಂಡಿತ, ಗಂಡೇ."

ಅದರ ಕೆಳಗೆ ಮನಸ್ವಿನಿಯ ಧ್ವನಿ.

"ದೊಡ್ಡಮ್ಮ, ನಂದೂ ಇಳೀತು. ತೊಂಬತ್ತೆರಡು. ಇಷ್ಟು ದಿನ ನೂರೈವತ್ತೇ ತೋರಿಸಿ ಪ್ರಾಣ ತಿಂತಿತ್ತು. ನೀವು ಹೇಳಿದ್ದು ಕೇಳಿ ಬೆಲ್ಟನ್ನು ಅತ್ತ ಜಾರಿಸಿ ಇತ್ತ ಜಾರಿಸಿ ನೋಡಿದೆ, ಕೊನೆಗೂ ಕಡಿಮೆ ತೋರಿಸ್ತು. ಬೆಳಿಗ್ಗೆಯಿಂದ ಒಳಗೆ ಗಲಾಟೆಯೂ ಇಲ್ಲ, ಜಾಣ ಮಲಗಿದ್ದಾನೆ."

ಇಲ್ಲಿ ಕಂಪ್ಯೂಟರ್ ಕೂಗಿಕೊಂಡಿತು, ಜಿಗ್ನಾಬೆನ್ ಫೋನು ಮಾಡಿದಳು. ಸೂರತ್ತಿನಲ್ಲಿ ಆ ಹುಡುಗಿಗೆ ಫೋನು ಮಾಡುವವರು ಯಾರು? ಪಾರ್ವತಕ್ಕ ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಎದ್ದು ನಿಂತು, ಗೋಡೆಗೆ ಒರಗಿ, ಎತ್ತು ಎತ್ತು ಎಂದು ಹಲ್ಲು ಕಚ್ಚಿಕೊಂಡು ಮತ್ತೆ ಮಾಡಿದಳು.

"ಹಲೋ ದೊಡ್ಡಮ್ಮ, ಸ್ನಾನಕ್ಕೆ ಹೋಗಿದ್ದೆ. ಗಂಡೇ ಅಲ್ವಾ? ನಮ್ಮತ್ತೆ ಪೇಡೆ ತರಲಿಕ್ಕೆ ಹೋಗಿದ್ದಾರೆ."

"ಮನಸ್ವಿನಿ, ಚಪ್ಪಲಿ ಹಾಕು. ಆಸ್ಪತ್ರೆಗೆ ಹೊರಡು."

"ಎಂತಕ್ಕೆ? ಮುಂದಿನ ವಾರ ಬರ್ಲಿಕ್ಕೆ ಹೇಳಿದ್ದಾರೆ."

"ನಾನು ಹೇಳಿದ್ದು ಸುಳ್ಳು. ರಶ್ಮಿಯ ಹೊಟ್ಟೆ ಕೊಯ್ದು ಮಗು ತೆಗೆದರು. ಅದು ಸಾಯ್ತಾ ಇತ್ತು, ನಾನು ಹಲ್ವ ಹಂಚ್ತಾ ಇದ್ದೆ. ಅತ್ತೆಗೆ ಕಾಯಬೇಡ, ಗಂಡನಿಗೆ ಕಾಯಬೇಡ. ಹೊರಡು."

ಆ ಕಡೆ ಬಾಗಿಲು ಬಡಿದ ಸದ್ದು ಕೇಳಿಸಿತು.

ಪಾರ್ವತಕ್ಕ ಅದೇ ಮಾತನ್ನು ಗುಂಪಿಗೂ ಹೇಳಿ ಕಳಿಸಿದಳು. ಅಂಕಿ ಕಡಿಮೆ ಬಂದವರು, ಮಗು ಅಲುಗಾಡದವರು ಕೂಡಲೇ ಆಸ್ಪತ್ರೆಗೆ ಹೋಗಿ ಎಂದಳು. ಆಮೇಲೆ ಜಿಗ್ನಾಬೆನ್‌ಗೆ ಮನಸ್ವಿನಿಯ ವಿಷಯ ತಿಳಿಸಿದಳು. ಜಿಗ್ನಾಬೆನ್ ಹಣೆ ಹಿಡಿದುಕೊಂಡಳು.

"ಜಾರಿಸಿದರೆ ಅದು ತಾಯಿಯ ನಾಡಿಯನ್ನೇ ಹಿಡಿದಿರಬಹುದು ಮಾಸಿ. ತೊಂಬತ್ತೆರಡು ಅವಳದೇ ಇರಬಹುದು."

"ಹಾಗಾದರೆ ಮಗು?"

"ಅದೇ. ಮಗುವಿನ ಬಡಿತವನ್ನು ಯಾರೂ ಎಣಿಸಿಯೇ ಇಲ್ಲ. ಹೇಗಿದೆಯೋ ಯಾರಿಗೆ ಗೊತ್ತು?"

ಗಂಡು ಬೇಕೆಂದು ಆ ಪೆದ್ದು ಹುಡುಗಿ ಮಗುವಿನ ಎದೆಯಿಂದ ಬೆಲ್ಟನ್ನು ಸರಿಸಿ ತನ್ನದೇ ಎದೆಬಡಿತ ಕೇಳಿ ಕುಣಿದಿದ್ದಳು. ಕುಣಿಸಿದವಳು ಇಲ್ಲಿ ಕೂತಿದ್ದಳು. ಮಾಧವ ರಾಯರು ಬಂದು, "ಬಾ ಪಾರ್ವತಿ, ಮೊಮ್ಮಗಳನ್ನು ನೋಡು. ಮೂಗು ನಿನ್ನದೇ," ಎಂದರು. ಆಕೆ ಬೇಡವೆಂದು ತಲೆಯಾಡಿಸಿದಳು.

"ಮನಸ್ವಿನಿಯ ಫೋನು ಬರಲಿ. ಆಮೇಲೆ ನೋಡ್ತೇನೆ. ಆ ಮಗುವಿಗೆ ಏನಾದರೂ ಆದರೆ ಈ ಮಗುವಿನ ಮುಖ ನಾನು ಹೇಗೆ ನೋಡಲಿ?"

ರಾಯರು ಒತ್ತಾಯ ಮಾಡಲಿಲ್ಲ. ಪಕ್ಕದಲ್ಲಿ ಕೂತರು. ಚಹಾ ತರಿಸಿದರು, ಅದು ಅಲ್ಲೇ ಆರಿತು. ಎದುರಿನ ಗೋಡೆಯಲ್ಲಿ ಲಿಂಗ ಪತ್ತೆ ಅಪರಾಧ ಎಂಬ ಬೋರ್ಡು ಗುಜರಾತಿಯಲ್ಲಿ ದಪ್ಪ ಅಕ್ಷರದಲ್ಲಿತ್ತು. ಎಷ್ಟೋ ಸಲ ನೋಡಿ ನಕ್ಕ ಬೋರ್ಡು. ಈಗ ಅದರ ಕಡೆ ಕಣ್ಣೆತ್ತಲಾಗದೆ ಆಕೆ ತನ್ನ ಅಂಟು ಬೆರಳುಗಳನ್ನೇ ನೋಡುತ್ತ ಕೂತಳು.

ಫೋನು ಬಂದಾಗ ಮೊದಲು ಮನಸ್ವಿನಿಯ ಮಾತು ಕೇಳಿಸಲಿಲ್ಲ. ಕೇಳಿಸಿದ್ದು ಟಕಟಕ ಟಕಟಕ ಎಂಬ ಸದ್ದು. ಅವಳು ಅಲ್ಲಿಯ ಯಂತ್ರಕ್ಕೆ ಫೋನು ಹಿಡಿದಿದ್ದಳು.

"ಕೇಳಿಸ್ತಾ ದೊಡ್ಡಮ್ಮ?" ಅವಳು ಅಳುತ್ತಲೂ ನಗುತ್ತಲೂ ಇದ್ದಳು. "ಮಂಚದ ಮೇಲೆ ಮಲಗಿದ್ದೇ ತಡ ಒದೀಲಿಕ್ಕೆ ಶುರು ಮಾಡ್ತು. ಬೆಲ್ಟು ಲೆಕ್ಕ ಹಾಕಿದ್ದು ನನ್ನದೇ ನಾಡಿಯಂತೆ, ಡಾಕ್ಟರು ಚೆನ್ನಾಗಿ ಬೈದರು. ಇಲ್ಲಿಯ ಮೆಷಿನ್ನಿನಲ್ಲಿ ಸರಿಯಾಗಿ ನೂರ ನಲವತ್ತು. ಮೇಲೂ ಇಲ್ಲ, ಕೆಳಗೂ ಇಲ್ಲ. ಈಗ ಎಂತ ಹೇಳ್ತೀರಿ?"

ಪಾರ್ವತಕ್ಕ ಗಂಡನ ತೋಳು ಹಿಡಿದು ಎದ್ದಳು. ಗಾಜಿನ ಕೋಣೆಯ ಕಡೆ ನಡೆಯತೊಡಗಿದಳು, ಫೋನು ಕಿವಿಯಲ್ಲೇ ಇತ್ತು.

"ಜೀವ ಉಂಟು ಅಂತ ಹೇಳ್ತೇನೆ," ಎಂದಳು. "ಇಡಬೇಡ ಮಗಾ. ಇನ್ನು ಸ್ವಲ್ಪ ಹೊತ್ತು ಕೇಳಿಸು."